ಒಂದು ದಿನ ಕೂಡಿಸು

ಫರ್ವಾನಿಯಾದ ಎರಡನೇ ಮಾಳಿಗೆ. ಕೆಳಗೆ ಲಾಂಡ್ರಿ,
ಮೇಲೆ ಲಾಂಡ್ರಿಯ ಆಪು, ಅಂದರೆ ನಾನು, ಮಿದ್ಹತ್, ಒಂದು ಏಸಿ.
ರಂಜಾನಿನ ಇಪ್ಪತ್ತಾರನೇ ರಾತ್ರಿ.
ನೆಲದ ಬಿರುಕಿನಿಂದ ಇಸ್ತ್ರಿಯ ಉಗಿ ಏರಿ
ಕೀಲಿಮಣೆಗೂ ಗಂಜಿಯ ವಾಸನೆ.

ಹನ್ನೆರಡರಿಂದ ಹದಿನೇಳಕ್ಕೆ ಏರಿಸಬೇಕಿತ್ತು ಫ್ರೇಮ್‌ವರ್ಕನ್ನು.
ಹಾರುವ ಹಾಗಿಲ್ಲ; ಹದಿಮೂರು, ಹದಿನಾಲ್ಕು,
ಒಂದೊಂದೇ ಮೆಟ್ಟಿಲು, ನೆರಿಗೆ ಹಿಡಿದು ಹತ್ತಿದ ಹಾಗೆ.
ಹಬ್ಬ ಕಳೆಯಲಿ ಅಂದಿದ್ದೆ.
ಕಾರ್ಡಿನ ಹಣ ಎಳೆದುಕೊಡುವ ಕಂಪನಿ
ಹಳೆಯದಕ್ಕೆ ಈ ವಾರವೇ ಬಾಗಿಲು ಹಾಕುತ್ತದಂತೆ.
ಬೂ ದುಐಜ್ ಐದೂ ಬೆರಳು ಒಟ್ಟು ಮಾಡಿ ಮೇಲೆತ್ತಿ
ಶ್ವೈ ಶ್ವೈ ಅಂದ. ಅಂದರೆ ನಿಧಾನ. ಅಂದರೆ ನಾಳೆಯೊಳಗೆ.

ಹದಿಮೂರಕ್ಕೇ ಕೆಂಪು.
ಚಾರ್ಟಿಗೆ ಹೊಸಬ ಬೇಕು, ಗ್ರಿಡ್ಡಿಗೆ ಹಳಬನೇ ಸೈ,
ಎತ್ತು ಏರಿಗೆ, ಕೋಣ ನೀರಿಗೆ.
ಒಬ್ಬನನ್ನು ರಮಿಸಿ ಕೂರಿಸಿದರೆ ಅವನ ಷಡ್ಡಕ ಏಳುತ್ತಾನೆ:
ಅವನಿದ್ದ ಪಂಕ್ತಿಯಲ್ಲಿ ನಾನು ಉಣ್ಣುವುದಿಲ್ಲ, ಎಲೆ ತೆಗೆಯಿರಿ.

ಫೋರ್ಸ್ ಅಂತ ಹಾಕು, ಒಪ್ಪುತ್ತದೆ, ಅಂದ ಮಿದ್ಹತ್.
ಗೊತ್ತು. ಹೋದ ವರ್ಷ ಹಾಗೆಯೇ ಒಪ್ಪಿಸಿದ್ದು.

ಇಡೀ ಫೋಲ್ಡರು ಅಳಿಸಿದೆ, ಲಾಕ್ ಫೈಲನ್ನೂ.
ಎಂಟುನೂರು ಚಿಲ್ಲರೆ ಹೆಸರುಗಳು ಮತ್ತೆ ಇಳಿದು ಬಂದವು,
ಪ್ರತಿಯೊಬ್ಬನ ಅಂಗಿಯ ಚುಂಗು ಹಿಡಿದು ಇನ್ನೊಬ್ಬ.
ನನ್ನ ಸಿವಿಲ್ ಐಡಿಯಲ್ಲಿ ನಾಲ್ಕು ವರ್ಷ
ಇಪ್ಪತ್ತೆರಡು, ಡಿಪೆಂಡೆಂಟ್, ಅಂತಿತ್ತು:
ಗಂಡನ ಕೆಲಸ ಇರುವ ತನಕ ನಾನೂ ಇರಬಹುದು.
ಈ ಹೊತ್ತಿಗೆ ಅದು ಯಾಕೆ ನೆನಪಾಯಿತು ಕೇಳಬೇಡಿ,
ಆ ಪದದ ತಂಗಿ ಪರದೆಯ ಮೇಲೆ ಹನ್ನೊಂದು ಕಡೆ ಕೂತಿದ್ದಳು.

ಮೂರು ಗಂಟೆಗೆ ಉಳಿದದ್ದು ಒಂದೇ ತಂಟೆ.
ಹಿಜ್ರಿ ಕ್ಯಾಲೆಂಡರಿನ ಪುಟ್ಟ ಗಂಟು,
ಆರು ವರ್ಷದಿಂದ ಯಾರೂ ಬಿಚ್ಚಿಲ್ಲ.
ಬರೆದವನು ಲುಕ್ಮಾನ್, ಊರು ತಿಳಿಯದು.
ಹನ್ನೆರಡನ್ನು ಬಿಟ್ಟು ಏಳಲೊಲ್ಲ.
ಮೇಲ್ ಹಾಕಿದರೆ ತಿರುಗಿ ಬಂತು.

ತೆಗೆದುಬಿಡು, ಬರೀ ಲೆಕ್ಕ ತಾನೇ, ಅಂದ ಮಿದ್ಹತ್,
ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತು.
ನಾನೇ ಬರೆದೆ. ಅರವತ್ತು ಸಾಲು, ಯಾರ ಹಂಗೂ ಇಲ್ಲದ್ದು.
ಹದಿನೇಳು ಒಪ್ಪಿತು. ಪುಟ ತೆರೆಯಿತು.
ಈದಿನ ಹಿಂದಿನ ರಾತ್ರಿಗೆ ಸಾವಿರದ ನಾನೂರು ದಿಶ್ದಾಶಾ,
ಗಂಜಿ ಗಟ್ಟಿ, ಗಂಜಿ ತೆಳು, ಕಾಲರಿಗೆ ಮಾತ್ರ,
ಎಲ್ಲ ಅವರವರ ದಿನಾಂಕದ ಕೆಳಗೆ.

ಅಳಿಸುವ ಮುಂಚೆ ಅವನ ಫೈಲು ಒಮ್ಮೆ ಓದಿದೆ,
ಬಾಡಿಗೆ ಮನೆ ಬಿಡುವವರು
ಗೋಡೆಯ ಗೂಡಿಗೊಮ್ಮೆ ಕೈ ಹಾಕಿ ನೋಡುವಂತೆ.
ಇನ್ನೂರ ಹನ್ನೆರಡನೇ ಸಾಲಿನ ಪಕ್ಕದಲ್ಲಿ ಲುಕ್ಮಾನನ ಟಿಪ್ಪಣಿ:
ಲೆಕ್ಕ ನಂಬಬೇಡ. ಚಂದ್ರ ಕಾಣದಿದ್ದರೆ ಒಂದು ದಿನ ಕೂಡಿಸು.
ಕೂಡಿಸುವ ಗುಂಡಿ ಮನುಷ್ಯನ ಕೈಯಲ್ಲಿರಲಿ.

ಚಹಾಕ್ಕೆಂದು ಕೆಳಗಿಳಿದೆ.
ಮೊಫಿಜುಲ್ ಇಸ್ತ್ರಿ ನಿಲ್ಲಿಸದೆ ಕೇಳಿದ: ಆಪಾ, ಈದ್ ಯಾವತ್ತು?
ಕಂಪ್ಯೂಟರಿಗೆ ಗೊತ್ತು, ಅಂತ ಬಾಯಿಗೆ ಬಂದಿತ್ತು.
ಅವನ ಬೆನ್ನ ಹಿಂದೆ ಹ್ಯಾಂಗರುಗಳಲ್ಲಿ
ತಲೆಯಿಲ್ಲದ ಬಿಳೀ ಗಂಡಸರು ಸಾಲುಗಟ್ಟಿ ಕಾಯುತ್ತಿದ್ದರು.
ತುದಿಯಲ್ಲಿ ಅವನದೇ ಒಂದು ನೀಲಿ ಕುರ್ತಾ, ಚೀಟಿ ಇಲ್ಲದ್ದು.
ಗೊತ್ತಿಲ್ಲ ಮೊಫಿಜುಲ್. ನೋಡಿದ ಮೇಲೆ.

ಅರವತ್ತು ಸಾಲು ಅರವತ್ತೇಳಾಯಿತು.
ಒಂದು ಗುಂಡಿ ಇಟ್ಟೆ. ಪಕ್ಕದಲ್ಲಿ ಅವನ ಮಾತು,
ಅವನ ಹೆಸರಿನ ಸಮೇತ, ಅಲ್ಪವಿರಾಮವನ್ನೂ ತಿದ್ದದೆ.

ಇಪ್ಪತ್ತೊಂಬತ್ತರ ಸಂಜೆ ಚಾವಣಿಯ ಮೇಲೆ,
ಡಿಶ್ಶುಗಳ ನಡುವೆ, ಧೂಳು ಮುಚ್ಚಿದ ಪಶ್ಚಿಮಕ್ಕೆ ಮುಖ ಮಾಡಿ
ಮೂವರು ನಿಂತೆವು. ಮಿದ್ಹತನ ಬಾಯಲ್ಲಿ ಖರ್ಜೂರ,
ಬೀಜ ಎಲ್ಲಿ ಉಗಿಯಲಿ ಎಂಬ ಚಿಂತೆ.
ನನ್ನ ಹೆಬ್ಬೆರಳು ಫೋನಿನ ಗುಂಡಿಯಿಂದ ಒಂದು ಕೂದಲು ಮೇಲೆ.
ಅಲ್ಲಿ! ಅಂದ ಮೊಫಿಜುಲ್.
ಅದು ವಿಮಾನ.
ಇನ್ನೂ ಸ್ವಲ್ಪ ನಿಲ್ಲೋಣ, ಅಂದೆ.